ಪಾಡ್‌ಕಾಸ್ಟ್: ಕಾರು ಆಗಾಗ ಮಿಸ್ಸಿಂಗ್ ಹೊಡೀತಿದ್ಯಾ? ಪಾರ್ಟ್ ಬದಲಿಸೋ ಮೊದಲು ಇದನ್ನು ಕೇಳಿ

ರಸ್ತೆಯಲ್ಲಿ ಜರ್ಕ್ ಹೊಡೆಯುವ ಎಂಜಿನ್ ಗ್ಯಾರೇಜಿನಲ್ಲಿ ಮಾತ್ರ ಸರಿಯಾಗಿ ಓಡುತ್ತದೆ. ಇಂಥ ಬಂದು ಹೋಗುವ ತೊಂದರೆಯನ್ನು ಪತ್ತೆ ಹಚ್ಚುವುದು ಹೇಗೆ? ಈ ಸಂಚಿಕೆಯ ಬರಹ ರೂಪ ಇಲ್ಲಿದೆ.

ಹಲ್ಲು ನೋವು ಅಂತ ಡಾಕ್ಟರ್ ಹತ್ರ ಹೋಗಿ ಕೂತ ತಕ್ಷಣ ನೋವು ಮಾಯ ಆಗುತ್ತಲ್ಲ, ಕಾರಿನ ವಿಷಯದಲ್ಲೂ ಇಂಥದ್ದೊಂದು ಕಾಯಿಲೆ ಇದೆ. ಹೈವೇಯಲ್ಲಿ ಲಾರಿ ಓವರ್‌ಟೇಕ್ ಮಾಡೋಕೆ ಹೋದಾಗ ಗಾಡಿ ಜಗ್ಗುತ್ತೆ, ಪಿಕಪ್ ಸಿಗಲ್ಲ. ಎರಡು ನಿಮಿಷ ಬಿಟ್ಟು ನೋಡಿದ್ರೆ ಎಲ್ಲಾ ಸರಿ. ಗ್ಯಾರೇಜಿಗೆ ತಗೊಂಡು ಹೋದ್ರೆ ಮೆಕ್ಯಾನಿಕ್ ಒಂದು ರೌಂಡ್ ಓಡಿಸಿ, 'ಏನೂ ಇಲ್ಲ ಸಾರ್, ಚೆನ್ನಾಗೇ ಇದೆ' ಅಂತಾರೆ. ಮರುದಿನ ಅದೇ ಕಥೆ.

ಆಮೇಲೆ ಶುರುವಾಗೋದು ಊಹೆಯ ರಿಪೇರಿ. ಮೊದಲು ಪ್ಲಗ್ ಬದಲಾಯಿಸ್ತಾರೆ, ಆಮೇಲೆ ಫಿಲ್ಟರ್, ಆಮೇಲೆ ಕಾಯಿಲ್, ಕೊನೆಗೆ ಫ್ಯೂಯಲ್ ಪಂಪ್. ಸಾವಿರಾರು ರೂಪಾಯಿ ಖರ್ಚಾದ ಮೇಲೂ ತೊಂದರೆ ಹಾಗೇ ಇರುತ್ತೆ. ಇದು ಕತ್ತಲಲ್ಲಿ ಕಲ್ಲು ಹೊಡೆದ ಹಾಗೆ. ಬಂದು ಹೋಗುವ ತೊಂದರೆಗೆ ಪಾರ್ಟ್‌ಗಿಂತ ಮೊದಲು ಬೇಕಾಗೋದು ಸಾಕ್ಷಿ. ಆ ಸಾಕ್ಷಿ ಇರೋದು ಗಾಡಿ ಓಡಿಸುವ ನಿಮ್ಮ ಹತ್ತಿರ.

ಎಂಜಿನ್ ಯಾಕೆ ಮಿಸ್ ಹೊಡೆಯುತ್ತೆ?

ಪೆಟ್ರೋಲ್ ಎಂಜಿನ್ ಓಡಬೇಕಾದರೆ ಗಾಳಿ, ಪೆಟ್ರೋಲ್, ಕಿಡಿ ಈ ಮೂರೂ ಬೇಕು. ಸರಿಯಾದ ಪ್ರಮಾಣದಲ್ಲಿ, ಸರಿಯಾದ ಹೊತ್ತಿಗೆ ಬೇಕು. ಜೊತೆಗೆ ಸಿಲಿಂಡರ್ ಒಳಗೆ ಗಾಳಿಯನ್ನು ಒತ್ತಿ ಹಿಡಿಯುವ ಶಕ್ತಿ, ಅಂದರೆ ಕಂಪ್ರೆಷನ್ ಇರಬೇಕು. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುತ್ತಿದೆ ಅಂದುಕೊಳ್ಳಿ. ಆಗ ಪ್ರತಿ ಸಿಲಿಂಡರಿನಲ್ಲೂ ಸೆಕೆಂಡಿಗೆ 25 ಸಲ ಕಿಡಿ ಹಾರಬೇಕು. ಇದರಲ್ಲಿ ಕೆಲವು ಸಲ ತಪ್ಪಿದರೂ ಸಾಕು, ಸೀಟಿನಲ್ಲಿ ಕೂತ ನಿಮಗೆ ಅದು ಜರ್ಕ್ ಆಗಿ ಗೊತ್ತಾಗುತ್ತೆ. ಇದನ್ನೇ ಗ್ಯಾರೇಜಿನವರು 'ಮಿಸ್ಸಿಂಗ್' ಅನ್ನೋದು.

ಪೂರ್ತಿ ಕೆಟ್ಟುಹೋದ ಭಾಗ ಯಾವಾಗಲೂ ಕೈಕೊಡುತ್ತೆ, ಅದನ್ನು ಹುಡುಕೋದು ಸುಲಭ. ಅರ್ಧ ಕೆಟ್ಟ ಭಾಗ ಮಾತ್ರ ಬಿಸಿ, ತೇವ, ಅಲುಗಾಟ, ಭಾರ ಇಂಥ ಯಾವುದೋ ಒಂದು ಸಂದರ್ಭದಲ್ಲಿ ಕೈಕೊಡುತ್ತೆ. ಹಾಗಾಗಿ 'ಏನು ಕೆಟ್ಟಿದೆ' ಅಂತ ಕೇಳುವ ಮೊದಲು 'ಯಾವಾಗ ಹೀಗಾಗುತ್ತೆ' ಅಂತ ಕೇಳಬೇಕು.

'ಯಾವಾಗ' ಅನ್ನೋದರಲ್ಲೇ ಉತ್ತರ

ಒಂದೊಂದಾಗಿ ನೋಡೋಣ.

ಗಾಡಿ ನಿಂತಲ್ಲೇ, ಸಿಗ್ನಲ್‌ನಲ್ಲಿ ನಡುಗುತ್ತೆ, ರೇಸ್ ಕೊಟ್ಟರೆ ಸರಿಹೋಗುತ್ತೆ ಅಂದರೆ ಗಾಳಿಯ ಕಡೆ ನೋಡಬೇಕು. ಇನ್‌ಟೇಕ್‌ಗೆ ಹೋಗುವ ರಬ್ಬರ್ ಪೈಪ್ ಎಲ್ಲೋ ಬಿರುಕು ಬಿಟ್ಟು ಲೆಕ್ಕಕ್ಕೆ ಸಿಗದ ಗಾಳಿಯನ್ನು ಒಳಗೆ ಎಳೀತಿರಬಹುದು. ಐಡ್ಲಿಂಗ್‌ನಲ್ಲಿ ಎಂಜಿನ್‌ಗೆ ಬೇಕಾದ ಗಾಳಿಯೇ ಕಡಿಮೆ, ಆದ್ದರಿಂದ ಈ ಸಣ್ಣ ಸೋರಿಕೆ ಆಗ ದೊಡ್ಡದಾಗಿ ಕಾಣುತ್ತೆ. ಥ್ರಾಟಲ್ ಬಾಡಿಯಲ್ಲಿ ಮಸಿ ಕೂತಿದ್ದರೂ ಹೀಗಾಗುತ್ತೆ.

ಇದಕ್ಕೆ ತಿರುಗುಮುರುಗಾಗಿ, ಸಿಗ್ನಲ್‌ನಲ್ಲಿ ಎಲ್ಲಾ ಚೆನ್ನಾಗಿದೆ, ಶಿರಾಡಿ, ಆಗುಂಬೆ ಥರದ ಘಾಟಿ ಹತ್ತುವಾಗ, ನಾಲ್ಕೈದು ಜನ ಕೂತು ಎಸಿ ಹಾಕಿದಾಗ ಮಾತ್ರ ಜಗ್ಗುತ್ತೆ ಅಂದರೆ ಅನುಮಾನ ಎರಡರ ಮೇಲೆ ಬರುತ್ತೆ. ಒಂದು ಪೆಟ್ರೋಲ್ ಸಾಲುತ್ತಿಲ್ಲ: ಫಿಲ್ಟರ್ ಕಟ್ಟಿರಬಹುದು ಅಥವಾ ಪಂಪ್ ಸೋತಿರಬಹುದು. ಎರಡು ಕಿಡಿ ದುರ್ಬಲ. ಭಾರ ಹೆಚ್ಚಾದಾಗ ಸಿಲಿಂಡರ್ ಒಳಗಿನ ಒತ್ತಡವೂ ಹೆಚ್ಚುತ್ತೆ, ಆ ಒತ್ತಡದಲ್ಲಿ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕು. ಸವೆದ ಪ್ಲಗ್, ಸೋತ ಕಾಯಿಲ್ ಸಮತಟ್ಟು ರಸ್ತೆಯಲ್ಲಿ ಹೇಗೋ ನಿಭಾಯಿಸಿ ಘಾಟಿಯಲ್ಲಿ ಕೈಚೆಲ್ಲುತ್ತವೆ. ಸಾಮಾನ್ಯವಾಗಿ ಕಿಡಿ ತಪ್ಪಿದರೆ ಟಕ್ ಟಕ್ ಅಂತ ಜರ್ಕ್ ಹೊಡೆಯುತ್ತೆ. ಪೆಟ್ರೋಲ್ ಸಾಲದಿದ್ದರೆ ಯಾರೋ ಹಿಂದಿನಿಂದ ಹಿಡಿದೆಳೆದ ಹಾಗೆ ಶಕ್ತಿ ಇಳಿಯುತ್ತೆ. ಇದು ಸುಳಿವು ಅಷ್ಟೇ, ತೀರ್ಪಲ್ಲ.

ಮಳೆ ಬಂದಾಗ ಅಥವಾ ವಾಟರ್ ಸರ್ವಿಸ್ ಮಾಡಿಸಿದ ಮರುದಿನ ಮಿಸ್ ಹೊಡೆದರೆ ಕಿಡಿಯ ಕಡೆಯೇ ಮೊದಲು ನೋಡಿ. ಬ್ಯಾಟರಿಯ 12 ವೋಲ್ಟನ್ನು ಕಾಯಿಲ್ ಸಾವಿರಾರು ವೋಲ್ಟ್ ಮಾಡುತ್ತೆ. ಕಾಯಿಲ್‌ನಲ್ಲೋ ಪ್ಲಗ್ ವೈರ್‌ನಲ್ಲೋ ಕೂದಲೆಳೆಯಷ್ಟು ಬಿರುಕಿದ್ದರೂ ತೇವ ಸಿಕ್ಕಾಗ ಆ ವಿದ್ಯುತ್ ಪ್ಲಗ್‌ಗೆ ಹೋಗುವ ಬದಲು ಅಡ್ಡದಾರಿ ಹಿಡಿಯುತ್ತೆ. ಒಣಗಿದ ಮೇಲೆ ಎಲ್ಲಾ ಸರಿ.

ಇನ್ನೊಂದು: ಅರ್ಧ ಗಂಟೆ, ಒಂದು ಗಂಟೆ ಓಡಿದ ಮೇಲೆ ಇದ್ದಕ್ಕಿದ್ದಂತೆ ಎಂಜಿನ್ ಆಫ್ ಆಗುತ್ತೆ, ಬದಿಗೆ ನಿಲ್ಲಿಸಿ ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸ್ಟಾರ್ಟ್ ಆಗುತ್ತೆ. ಇಲ್ಲಿ ಹಳೇ ಅಪರಾಧಿ ಕ್ರ್ಯಾಂಕ್ ಪೊಸಿಷನ್ ಸೆನ್ಸರ್. ಎಂಜಿನ್ ಯಾವ ಹಂತದಲ್ಲಿದೆ ಅಂತ ಕಂಪ್ಯೂಟರಿಗೆ ಹೇಳೋದು ಇದೇ. ಬಿಸಿಯಾದಾಗ ಇದರ ಸಿಗ್ನಲ್ ನಿಂತರೆ ಯಾವಾಗ ಕಿಡಿ ಕೊಡಬೇಕು ಅಂತ ಕಂಪ್ಯೂಟರಿಗೆ ಗೊತ್ತಾಗಲ್ಲ. ಹೀಗಾದಾಗ ಗಾಡಿ ಇನ್ನೂ ಗೇರ್‌ನಲ್ಲಿ ಉರುಳುತ್ತಿದ್ದರೂ ಆರ್‌ಪಿಎಂ ಮುಳ್ಳು ಒಮ್ಮೆಲೇ ಸೊನ್ನೆಗೆ ಬೀಳಬಹುದು. ನೋಡಿದರೆ ನೆನಪಿಟ್ಟುಕೊಳ್ಳಿ, ಬೆಲೆಬಾಳುವ ಸುಳಿವು ಅದು.

ಟ್ಯಾಂಕ್ ಮತ್ತು ಬಂಕ್

ಪೆಟ್ರೋಲ್ ಕಡಿಮೆ ಇದ್ದಾಗ, ಅದರಲ್ಲೂ ತಿರುವಿನಲ್ಲಿ ಅಥವಾ ಏರಿನಲ್ಲಿ ಮಾತ್ರ ಹೀಗಾದರೆ ಟ್ಯಾಂಕ್ ಒಳಗಿನ ಪಂಪ್ ಗಾಳಿ ಎಳೀತಿರಬಹುದು. ಆ ಪಂಪನ್ನು ತಣ್ಣಗಿಡೋದು ಕೂಡ ಟ್ಯಾಂಕಿನ ಪೆಟ್ರೋಲೇ. ಸದಾ ರಿಸರ್ವ್‌ನಲ್ಲೇ ಓಡಿಸುವ ಅಭ್ಯಾಸ ಪಂಪಿಗೆ ಒಳ್ಳೆಯದಲ್ಲ.

ಪೆಟ್ರೋಲ್ ಹಾಕಿಸಿದ ಮೇಲೇ ಶುರುವಾಯಿತು ಅಂದರೆ ನೀರು ಸೇರಿರಬಹುದು. ಈಗ ನಮ್ಮ ಬಂಕ್‌ಗಳಲ್ಲಿ ಸಿಗುವ ಇ20 ಪೆಟ್ರೋಲ್‌ನಲ್ಲಿ ಶೇ 20ರವರೆಗೆ ಎಥನಾಲ್ ಇರುತ್ತೆ. ಎಥನಾಲ್ ನೀರನ್ನು ಹೀರಿಕೊಳ್ಳುತ್ತೆ. ನೀರು ಒಂದು ಮಿತಿ ದಾಟಿದರೆ ನೀರು ಮತ್ತು ಎಥನಾಲ್ ಸೇರಿ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಪಂಪ್ ಎಳೆಯೋದು ತಳದಿಂದಲೇ. ಹಾಗಂತ ಪ್ರತಿ ಜರ್ಕಿಗೂ ಇ20ಯನ್ನೇ ದೂರೋದು ಸರಿಯಲ್ಲ. ಬಿಲ್ ಇಟ್ಟುಕೊಳ್ಳಿ, ದಿನಾಂಕ ಬರೆದಿಡಿ, ತೊಂದರೆ ಅದಕ್ಕಿಂತ ಮೊದಲೂ ಇತ್ತೇ ಅಂತ ಯೋಚಿಸಿ.

ನಿಮ್ಮದು ಸಿಎನ್‌ಜಿ ಗಾಡಿಯಾದರೆ ನಿಮಗೆ ಪುಕ್ಕಟೆ ಪರೀಕ್ಷೆಯೊಂದಿದೆ. ಮಿಸ್ ಹೊಡೆಯುವಾಗ ಸ್ವಿಚ್ ಒತ್ತಿ ಇನ್ನೊಂದು ಇಂಧನಕ್ಕೆ ಬದಲಿಸಿ. ಎರಡರಲ್ಲೂ ಹಾಗೇ ಇದ್ದರೆ ಕಿಡಿ, ಗಾಳಿ ಅಥವಾ ಸೆನ್ಸರ್ ಕಡೆ ಹೋಗಿ. ಪೆಟ್ರೋಲ್‌ನಲ್ಲಿ ಮಾತ್ರ ಅಂದರೆ ಪಂಪ್, ಇಂಜೆಕ್ಟರ್ ನೋಡಿಸಿ. ಸಿಎನ್‌ಜಿಯಲ್ಲಿ ಮಾತ್ರ ಅಂದರೆ ಗ್ಯಾಸ್ ಕಿಟ್ ಜೊತೆಗೆ ಪ್ಲಗ್ಗನ್ನೂ ನೋಡಿಸಿ. ಗ್ಯಾಸ್ ಹೊತ್ತಿಕೊಳ್ಳೋಕೆ ಪೆಟ್ರೋಲ್‌ಗಿಂತ ಬಲವಾದ ಕಿಡಿ ಬೇಕು.

ಡೀಸೆಲ್ ಗಾಡಿಯಲ್ಲಿ ಸ್ಪಾರ್ಕ್ ಪ್ಲಗ್ಗೇ ಇಲ್ಲ. ಅಲ್ಲಿ ಮೊದಲು ನೋಡಬೇಕಾದ್ದು ಡೀಸೆಲ್ ಫಿಲ್ಟರ್ ಮತ್ತು ಅದರಲ್ಲಿ ನಿಂತ ನೀರು.

ಇದ್ಯಾವುದಕ್ಕೂ ಹೊಂದದೆ, ಹಳ್ಳ-ಗುಂಡಿ ಹಾರಿದಾಗ ಮಾತ್ರ ಹೀಗಾದರೆ? ಲೂಸ್ ಆದ ಬ್ಯಾಟರಿ ಟರ್ಮಿನಲ್, ಅರ್ಥಿಂಗ್ ವೈರ್, ಕನೆಕ್ಟರ್ ನೋಡಿಸಿ. ಇಲಿ ಕಡಿದ ವೈರನ್ನಂತೂ ಮರೆಯಬೇಡಿ. ಬಾನೆಟ್ ಎತ್ತಿ ಟಾರ್ಚ್ ಹಾಕಿ ನೋಡಿದರೆ ಹಿಕ್ಕೆಯೋ ಕಡಿದ ಚೂರೋ ಕಾಣುತ್ತೆ.

ಕಂಪ್ಯೂಟರ್ ಬರೆದಿಟ್ಟ ಡೈರಿ

ಈಗಿನ ಕಾರುಗಳಲ್ಲಿ ಡ್ಯಾಶ್‌ಬೋರ್ಡ್ ಕೆಳಗೆ 16 ಪಿನ್‌ನ ಒಂದು ಸಾಕೆಟ್ ಇರುತ್ತೆ, ಒಬಿಡಿ ಅಂತ. ಅದಕ್ಕೆ ಸ್ಕ್ಯಾನರ್ ಹಾಕಿದರೆ ಕಂಪ್ಯೂಟರ್ ಗಮನಿಸಿದ ದೋಷಗಳು ಕೋಡ್ ರೂಪದಲ್ಲಿ ಸಿಗುತ್ತವೆ. ಪಿ0301 ಅಂದರೆ 1ನೇ ಸಿಲಿಂಡರ್‌ನಲ್ಲಿ ಮಿಸ್ಸಿಂಗ್, ಪಿ0303 ಅಂದರೆ 3ನೆಯದರಲ್ಲಿ. ಪಿ0300 ಅಂದರೆ ಇಂಥದ್ದೇ ಸಿಲಿಂಡರ್ ಅಂತಿಲ್ಲ, ಅಲ್ಲಲ್ಲಿ ತಪ್ಪುತ್ತಿದೆ. ಪಿ0171 ಬಂದರೆ ಗಾಳಿ ಹೆಚ್ಚಾಗಿದೆ ಅಥವಾ ಪೆಟ್ರೋಲ್ ಕಡಿಮೆಯಾಗಿದೆ ಎಂದರ್ಥ.

ಒಂದೇ ಸಿಲಿಂಡರ್ ಹೆಸರು ಬಂದರೆ ಕೆಲಸ ಸುಲಭ. 1ನೇ ಸಿಲಿಂಡರ್‌ನ ಕಾಯಿಲನ್ನು 3ಕ್ಕೆ, 3ರದ್ದನ್ನು 1ಕ್ಕೆ ಹಾಕಿ ಓಡಿಸಬೇಕು. ಈಗ ಪಿ0303 ಬಂತು ಅಂದರೆ ದೋಷ ಕಾಯಿಲ್ ಜೊತೆಗೇ ಹೋಯಿತು, ಕಾಯಿಲೇ ಕೆಟ್ಟಿದೆ. ಪಿ0301 ಹಾಗೇ ಉಳಿದರೆ ಕಾಯಿಲ್ ನಿರಪರಾಧಿ. ಆಗ ಪ್ಲಗ್, ವೈರಿಂಗ್, ಇಂಜೆಕ್ಟರ್, ಕಂಪ್ರೆಷನ್ ಒಂದೊಂದಾಗಿ ನೋಡಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ. ಮೂರು ಪಾರ್ಟ್ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಅಂತ ಯಾರಿಗೂ ಗೊತ್ತಾಗಲ್ಲ.

ಕೋಡ್ ಜೊತೆ 'ಫ್ರೀಜ್ ಫ್ರೇಮ್' ಅಂತ ಒಂದು ದಾಖಲೆ ಇರುತ್ತೆ. ದೋಷ ಕಂಡ ಕ್ಷಣದಲ್ಲಿ ವೇಗ ಎಷ್ಟಿತ್ತು, ಆರ್‌ಪಿಎಂ ಎಷ್ಟು, ಎಂಜಿನ್ ಎಷ್ಟು ಬಿಸಿಯಾಗಿತ್ತು ಅನ್ನೋದು ಅದರಲ್ಲಿ ಸಿಗುತ್ತೆ. ಅದಕ್ಕೇ ಕೋಡ್ ಓದುವ ಮುನ್ನ ಬ್ಯಾಟರಿ ವೈರ್ ತೆಗೆದು ಹಾಕಬೇಡಿ, ಕೋಡ್ ಅಳಿಸಲು ಬಿಡಬೇಡಿ. ಸ್ಕ್ಯಾನರ್ ಪರದೆಯ ಫೋಟೋ ತೆಗೆದುಕೊಳ್ಳಿ. ಕೋಡ್ ಬಂದಿಲ್ಲ ಅಂದಮಾತ್ರಕ್ಕೆ ತೊಂದರೆ ಇಲ್ಲ ಅಂತಲೂ ಅಲ್ಲ.

ಇಷ್ಟು ಎಚ್ಚರ ಬೇಕೇ ಬೇಕು

ಚೆಕ್ ಎಂಜಿನ್ ಲೈಟ್ ಸುಮ್ಮನೆ ಉರಿಯೋದು ಬೇರೆ, ಮಿಣುಕೋದು ಬೇರೆ. ಮಿಣುಕುತ್ತಿದ್ದರೆ ಸುಡದ ಪೆಟ್ರೋಲ್ ಸೈಲೆನ್ಸರ್ ಕಡೆ ಹೋಗಿ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಸುಡುತ್ತಿರಬಹುದು. ಅದು ವಿಪರೀತ ಬಿಸಿಯಾಗಿ ಹಾಳಾಗುತ್ತೆ, ಅದರ ಬೆಲೆ ಮುಂದೆ ಪ್ಲಗ್, ಕಾಯಿಲ್ ಖರ್ಚು ಏನೂ ಅಲ್ಲ. ವೇಗ ಇಳಿಸಿ, ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ. ಒಣಹುಲ್ಲಿನ ಮೇಲೆ ಮಾತ್ರ ನಿಲ್ಲಿಸಬೇಡಿ.

ಕಾರಣ ಸಿಗುವವರೆಗೆ ಘಾಟಿ ಪ್ರಯಾಣ, ಓವರ್‌ಟೇಕ್ ಬೇಡ. ಓಡುವಾಗಲೇ ಎಂಜಿನ್ ನಿಂತರೆ ಗಾಬರಿಯಾಗಬೇಡಿ. ಸ್ಟಿಯರಿಂಗ್ ಭಾರ ಆಗುತ್ತೆ, ಆದರೆ ತಿರುಗುತ್ತೆ. ಬ್ರೇಕಿಗೆ ಒಂದೆರಡು ಸಲದ ಬಲ ಉಳಿದಿರುತ್ತೆ. ಹಾಗಾಗಿ ಬ್ರೇಕನ್ನು ಪದೇಪದೇ ಒತ್ತದೆ ಒಂದೇ ಸಲ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಇಂಡಿಕೇಟರ್ ಹಾಕಿ ಎಡಕ್ಕೆ ಬನ್ನಿ. ಗಾಡಿ ಪೂರ್ತಿ ನಿಲ್ಲುವವರೆಗೆ ಕೀ ಹೊರಗೆ ತೆಗೆಯಬೇಡಿ, ಸ್ಟಿಯರಿಂಗ್ ಲಾಕ್ ಆಗಬಹುದು.

ಗ್ಯಾರೇಜಿನಲ್ಲಿ ಏನು ಹೇಳಬೇಕು?

'ಪ್ಲಗ್ ಚೇಂಜ್ ಮಾಡಿ' ಅಂತ ಹೇಳಬೇಡಿ. ಹಾಗೆ ಹೇಳಿದರೆ ಪ್ಲಗ್ ಚೇಂಜ್ ಆಗುತ್ತೆ, ತೊಂದರೆ ಉಳಿಯುತ್ತೆ. ಅದರ ಬದಲು ಒಂದು ವಾರ ಮೊಬೈಲ್‌ನಲ್ಲಿ ಬರೆದಿಟ್ಟದ್ದನ್ನು ಓದಿ ಹೇಳಿ: ಸ್ಟಾರ್ಟ್ ಮಾಡಿ ಎಷ್ಟು ಹೊತ್ತಾಗಿತ್ತು, ಯಾವ ಗೇರ್, ಎಷ್ಟು ವೇಗ, ಏರೋ ಇಳಿಜಾರೋ, ಎಸಿ ಇತ್ತಾ, ಪೆಟ್ರೋಲ್ ಎಷ್ಟಿತ್ತು, ಮಳೆ ಬಂದಿತ್ತಾ, ಲೈಟ್ ಉರಿದಿತ್ತಾ. ಗಾಡಿ ಓಡಿಸುವವರು ಡ್ರೈವ್ ಮಾಡಲಿ, ಪಕ್ಕದಲ್ಲಿ ಕೂತವರು ಬರೆದುಕೊಳ್ಳಲಿ.

'ನಾಲ್ಕನೇ ಗೇರ್‌ನಲ್ಲಿ ಏರು ಹತ್ತುವಾಗ, ಎಂಜಿನ್ ಬಿಸಿಯಾದ ಮೇಲೆ ಮಾತ್ರ' ಅಂತ ನೀವು ಹೇಳಿದರೆ ಒಳ್ಳೆಯ ಮೆಕ್ಯಾನಿಕ್‌ಗೆ ಅರ್ಧ ಕೆಲಸ ಮುಗಿದ ಹಾಗೆ. ಅದೇ ಸಂದರ್ಭ ಬರುವ ರಸ್ತೆಯಲ್ಲಿ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಓಡಿಸಿ ತೋರಿಸಿ. ಪಾರ್ಟ್ ಬದಲಿಸಬೇಕು ಅಂದರೆ, 'ಇದೇ ಅಂತ ಹೇಗೆ ಗೊತ್ತಾಯಿತು?' ಅಂತ ಸಮಾಧಾನದಿಂದ ಕೇಳಿ. ಫ್ಯೂಯಲ್ ಪ್ರೆಷರ್ ಗೇಜ್ ಹಾಕಿ ನೋಡಿದೆವು, ಕಾಯಿಲ್ ಅದಲು ಬದಲು ಮಾಡಿದೆವು ಅನ್ನುವ ಉತ್ತರ ಬಂದರೆ ನಂಬಿ ದುಡ್ಡು ಕೊಡಿ. 'ಸಾಮಾನ್ಯವಾಗಿ ಇದೇ ಇರುತ್ತೆ ಸಾರ್' ಅಂದರೆ ಇನ್ನೊಂದು ಸಲ ಪರೀಕ್ಷೆ ಮಾಡಿ ಅನ್ನಿ. ಬದಲಿಸಿದ ಹಳೇ ಪಾರ್ಟನ್ನು ಕೇಳಿ ತಗೊಳ್ಳಿ.

ಇವತ್ತಿನ ಸಂಚಿಕೆ ಇಷ್ಟೇ.