ಕುಟುಕುವ ಹೂವು, ಕುಟುಕಿಸಿಕೊಳ್ಳದ ಮೀನು

ಮುರುಡೇಶ್ವರಕ್ಕೆ ಪ್ರವಾಸ ಹೋಗುವ ಮಲ್ಲಿಪಟ್ಟಣ, ಅರಕಲಗೂಡು ಕಡೆಯ ಹುಡುಗರಲ್ಲಿ ಕೆಲವರಿಗೆ ಶಿವನ ಮೂರ್ತಿಯೆದುರು ಫೋಟೊ ತೆಗೆಸಿಕೊಂಡರಷ್ಟೇ ಸಾಲದು. ದಡದಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ ದ್ವೀಪಕ್ಕೆ ದೋಣಿ ಹತ್ತಿ, ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ನೀರಿಗಿಳಿಯಬೇಕು. ನೌಕಾಪಡೆ ಗುರಿ ಅಭ್ಯಾಸಕ್ಕೆ ಬಳಸಿಕೊಂಡು ಬಂದ ದ್ವೀಪವಿದು. ಆದರೂ ಬುಡದ ಬಂಡೆಗಳಲ್ಲಿ ಹವಳ ಬೆಳೆದಿದೆ. ಇಂಥ ಹವಳದ ನೆಲೆಗಳ ವಿಡಿಯೊದಲ್ಲಿ ಬಂಡೆಗಂಟಿಕೊಂಡು ಎಸಳು ಆಡಿಸುವ ಕಡಲ ಹೂವು ಕಂಡರೆ ಪ್ರಶ್ನೆ ಖಾತ್ರಿ: ಇದು ಗಿಡವೋ, ಪ್ರಾಣಿಯೋ? ಲಕ್ಷದ್ವೀಪದ ವಿಡಿಯೊ ಆದರೆ ಇನ್ನೊಂದು ಪ್ರಶ್ನೆಯೂ ಬರುತ್ತದೆ. ಎಸಳುಗಳ ನಡುವೆ ಆರಾಮಾಗಿ ಓಡಾಡುವ ಆ ಕ್ಲೌನ್ ಮೀನಿಗೆ ಏನೂ ಆಗುವುದಿಲ್ಲವೇ?

ಮೊದಲನೆಯದಕ್ಕೆ ಉತ್ತರ ಸುಲಭ. ಸೀ ಅನಿಮೋನ್ ಎಂಬ ಈ ಜೀವಿ ಅಪ್ಪಟ ಮಾಂಸಾಹಾರಿ ಪ್ರಾಣಿ. ಮಿದುಳಿಲ್ಲ, ಮೂಳೆಯಿಲ್ಲ, ಉಣ್ಣುವುದಕ್ಕೂ ಕಸ ಹೊರಹಾಕುವುದಕ್ಕೂ ಇರುವುದು ಒಂದೇ ಬಾಯಿ. ಎಸಳುಗಳಂತೆ ಕಾಣುವುದೆಲ್ಲ ಬೇಟೆಯಾಡುವ ತೋಳುಗಳು. ಸ್ಕಾಟ್‌ಲೆಂಡಿನಲ್ಲಿ ಸರ್ ಜಾನ್ ಡಾಲ್ಯೆಲ್ 1828ರಲ್ಲಿ ಕಡಲಿನಿಂದ ತಂದ ಒಂದು ಕಡಲ ಹೂವು ಗಾಜಿನ ಪಾತ್ರೆಯಲ್ಲೇ 1887ರವರೆಗೆ ಬದುಕಿತ್ತು. ತಂದವರು ತೀರಿಕೊಂಡರೂ ಅದು ಕೈಯಿಂದ ಕೈಗೆ ದಾಟುತ್ತ ಹೋಯಿತು. ಜನ ಅದನ್ನು 'ಅಜ್ಜಿ' ಎಂದೇ ಕರೆಯುತ್ತಿದ್ದರು.

ನಿಜವಾದ ಬೆರಗು ಇರುವುದು ಆ ತೋಳುಗಳ ಚರ್ಮದಲ್ಲಿ. ಅಲ್ಲಿ ತುಂಬಿರುವ ಕುಟುಕು ಕೋಶಗಳ ಪ್ರತಿಯೊಂದರೊಳಗೂ ಒಂದು ಸೂಕ್ಷ್ಮ ಚೀಲ, ಚೀಲದೊಳಗೆ ಸುರುಳಿ ಸುತ್ತಿದ ಟೊಳ್ಳು ದಾರ. ಏನಾದರೂ ತಾಗಿ, ಅದರ ಮೈಯ ರಾಸಾಯನಿಕ ವಾಸನೆಯೂ ಸರಿಹೊಂದಿತೋ, ದಾರ ಒಳಗಿನದು ಹೊರಗಾಗಿ ಮಗುಚಿಕೊಂಡು ಸಿಡಿಯುತ್ತದೆ, ವಿಷ ಇಳಿಸುತ್ತದೆ. ಈ ಸಿಡಿತ ಎಷ್ಟು ಜೋರು? ಸೆಕೆಂಡಿಗೆ 14 ಲಕ್ಷಕ್ಕೂ ಹೆಚ್ಚು ಚಿತ್ರ ತೆಗೆಯುವ ಕ್ಯಾಮೆರಾ ಹಿಡಿದು ವಿಜ್ಞಾನಿಗಳು ಇದನ್ನು ಅಳೆದು 2006ರಲ್ಲಿ ಪ್ರಕಟಿಸಿದರು. ಮೊನೆ ಹೊರಚಿಮ್ಮಲು ಹಿಡಿದ ಸಮಯ ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗಕ್ಕಿಂತಲೂ ಕಡಿಮೆ. ವೇಗೋತ್ಕರ್ಷ ಗುರುತ್ವದ 50 ಲಕ್ಷ ಪಟ್ಟಿಗೂ ಮಿಗಿಲು. ಚೀಲದೊಳಗಿನ ಒತ್ತಡ ವಾಯುಮಂಡಲದ ಸುಮಾರು 150 ಪಟ್ಟು. ಸ್ಕೂಟರ್ ಟೈರಿಗೆ ನಾವು ಹಾಕಿಸುವ ಗಾಳಿ ಎರಡು ಪಟ್ಟಿನ ಆಸುಪಾಸಿನದು. ಒಂದು ಕೋಶಕ್ಕೆ ಒಂದೇ ಹೊಡೆತ. ಮುಗಿದ ಮೇಲೆ ಹೊಸದು ಬೆಳೆಯಬೇಕು.

ತಮಾಷೆಯೆಂದರೆ ಈ ಅಳತೆ ನಡೆದದ್ದು ಕಡಲ ಜೀವಿಯ ಮೇಲಲ್ಲ, ಅದರ ಸಿಹಿನೀರಿನ ನೆಂಟ ಹೈಡ್ರಾದ ಮೇಲೆ. ಪಿಯುಸಿ ಪುಸ್ತಕದ ಚಿತ್ರದಲ್ಲಿ ಕಂಡು ಮರೆತ ಅದೇ ಹೈಡ್ರಾ. ಅದಕ್ಕೆ ಘಟ್ಟ ಇಳಿಯಬೇಕಿಲ್ಲ. ತಿಳಿನೀರಿನ ಕೆರೆಯಿಂದ ಒಂದಿಷ್ಟು ನೀರಗಿಡ ತಂದು ಗಾಜಿನ ಜಾಡಿಯಲ್ಲಿ ಕಿಟಕಿಯ ಬಳಿ ಅಲುಗಾಡಿಸದೆ ಇಟ್ಟರೆ, ಅದೃಷ್ಟವಿದ್ದಲ್ಲಿ ಬೆಳಕಿನ ಕಡೆಯ ಗಾಜಿಗೆ ದಾರದ ತುಂಡಿನಂತೆ ಅಂಟಿಕೊಂಡು ತೋಳು ಚಾಚುತ್ತದೆ. ಭೂತಗನ್ನಡಿಯೊಂದಿದ್ದರೆ ಅದು ನೀರಚಿಗಟ ಹಿಡಿಯುವುದನ್ನೂ ನೋಡಬಹುದು. ಪ್ರಯೋಗಾಲಯವಿಲ್ಲ ಎಂದು ಗೊಣಗುವ ಶಾಲೆಗಳು ಇದನ್ನಾದರೂ ಮಾಡಬಾರದೇ?

ಈಗ ಮೀನಿನ ವಿಷಯ. ಕ್ಲೌನ್ ಮೀನಿಗೂ ಕಡಲ ಹೂವಿಗೂ 'ಸ್ನೇಹ' ಎಂದು ಬರೆದು ಮುಗಿಸುವವರೇ ಹೆಚ್ಚು. ಕುಟುಕು ಕೋಶಕ್ಕೆ ಸ್ನೇಹ ತಿಳಿಯದು. ಅದಕ್ಕೆ ತಿಳಿಯುವುದು ಸ್ಪರ್ಶ ಮತ್ತು ರಾಸಾಯನಿಕ. ಮೀನುಗಳ ಮೈಲೋಳೆಯಲ್ಲಿ ಸಾಮಾನ್ಯವಾಗಿರುವ ಸಿಯಾಲಿಕ್ ಆಮ್ಲ ಎಂಬ ಸಕ್ಕರೆ ಜಾತಿಯ ವಸ್ತು ಈ ಕೋಶಗಳನ್ನು ಕೆರಳಿಸುತ್ತದೆ. ಜಪಾನಿನ ಓಕಿನಾವಾದ ಸಂಶೋಧಕರು ಭಾಗಿಯಾಗಿದ್ದ ತಂಡವೊಂದು 2025ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕ್ಲೌನ್ ಮೀನಿನ ಲೋಳೆಯಲ್ಲಿ ಈ ಆಮ್ಲ ತೀರಾ ಕಡಿಮೆ. ಹುಟ್ಟುತ್ತಲೇ ಹೀಗಿರುವುದಿಲ್ಲ. ಎಳೆಯ ಮರಿಯ ಮೈಯಲ್ಲಿ ಅದು ಮಾಮೂಲಿನಂತೆಯೇ ಇರುತ್ತದೆ. ಆಗ ಕಡಲ ಹೂವಿಗೆ ತಾಗಿದರೆ ಕುಟುಕು ತಪ್ಪಿದ್ದಲ್ಲ. ಮೈಮೇಲೆ ಬಿಳಿ ಪಟ್ಟೆ ಮೂಡುವ ಹೊತ್ತಿಗೆ ಆಮ್ಲ ಇಳಿಯುತ್ತದೆ, ಮನೆಯ ಬಾಗಿಲು ತೆರೆಯುತ್ತದೆ. ಕಡಲ ಹೂವಿನ ಸ್ವಂತ ಲೋಳೆಯಲ್ಲೂ ಈ ವಸ್ತು ಇಲ್ಲ. ತನ್ನ ತೋಳನ್ನು ತಾನೇ ಕುಟುಕಿಕೊಳ್ಳದಿರಲು ಅದೇ ಕಾರಣವಿದ್ದೀತು.

ಇನ್ನು ಇಂಥ ಜೀವಿ ನಮಗೇ ಕುಟುಕಿದರೆ? ಕುಟುಕಿದ ಜಾಗಕ್ಕೆ ಮೂತ್ರ ಹೊಯ್ದರೆ ಉರಿ ಇಳಿಯುತ್ತದೆ ಎಂಬುದು ಸಿನಿಮಾ, ಟಿವಿಗಳು ಹಬ್ಬಿಸಿದ ಶುದ್ಧ ಸುಳ್ಳು. ಮೂತ್ರವಾಗಲಿ ಕೊಳಾಯಿ ನೀರಾಗಲಿ ಚರ್ಮಕ್ಕೆ ಅಂಟಿ ಉಳಿದ ಕೋಶಗಳನ್ನೂ ಸಿಡಿಸಿಬಿಡಬಹುದು. ತೊಳೆಯುವುದಾದರೆ ಸಮುದ್ರದ ನೀರಿನಲ್ಲೇ ತೊಳೆಯಬೇಕು, ಉಜ್ಜಬಾರದು, ನೋವು ಹೆಚ್ಚಾದರೆ ಡಾಕ್ಟರ ಬಳಿ ಓಡಬೇಕು.

ಮೀನು ಕುಟುಕು ತಪ್ಪಿಸಿಕೊಂಡಿತು. ಕೆಂಪು ಸಮುದ್ರದ ಹವಳದ ಕಲ್ಲುಗಳ ಕೆಳಗಿನ ಬಾಕ್ಸರ್ ಏಡಿ ಅದನ್ನೇ ಆಯುಧ ಮಾಡಿಕೊಂಡಿದೆ. ಒಂದೊಂದು ಕೊಂಡಿಯಲ್ಲಿ ಒಂದೊಂದು ಪುಟಾಣಿ ಕಡಲ ಹೂವನ್ನು ಹಿಡಿದು, ಎದುರಾಳಿಯ ಮುಂದೆ ಬೀಸುತ್ತದೆ. ಅವುಗಳಿಗೆ ಸಿಕ್ಕ ಆಹಾರವನ್ನು ತಾನೇ ಕಿತ್ತು ತಿಂದು ಬೆಳೆಯಲು ಬಿಡುವುದಿಲ್ಲ. ಏಡಿಯಿಂದ ಬಿಡಿಸಿ ಸಾಕಿದರೆ ಅದೇ ಹೂವು ದೊಡ್ಡದಾಗುತ್ತದೆ. ಇಸ್ರೇಲಿನ ವಿಜ್ಞಾನಿಗಳು ಒಂದು ಹೂವನ್ನು ಕಿತ್ತುಕೊಂಡು ನೋಡಿದಾಗ ಏಡಿ ಉಳಿದದ್ದನ್ನು ಎರಡಾಗಿ ಸೀಳಿತು, ಎರಡೂ ತುಂಡು ಪೂರ್ಣ ಪ್ರಾಣಿಗಳಾಗಿ ಬೆಳೆದವು. ಎರಡನ್ನೂ ಕಳೆದುಕೊಂಡ ಏಡಿಗಳು ಪಕ್ಕದ ಏಡಿಯ ಮೇಲೆ ಬಿದ್ದು, ಅದರದೊಂದನ್ನು ಕಸಿದುಕೊಂಡವು.