ಸಾಗುವಳಿಯ ಜಮೀನಿನಲ್ಲಿ ಚಿಕ್ಕ ಉದ್ಯಮಗಳು: ಅನುಮತಿಯ ಕ್ರಮವೂ ಆಕ್ಷೇಪಣೆಯ ವಿಚಾರಣೆಯೂ

ತುಂಗಭದ್ರಾ ಜಲಾಶಯದ ನೀರು 1953ನೆಯ ಇಸವಿಯಲ್ಲಿ ಕಾಲುವೆಗಳಲ್ಲಿ ಹರಿಯಲಾರಂಭಿಸಿದಂದಿನಿಂದ ಗಂಗಾವತಿ ಸೀಮೆಯ ಬೆಳೆಯೂ ಬದುಕೂ ಮಾರ್ಪಟ್ಟಿರುವುವು. ಅದಕ್ಕೆ ಮೊದಲು ಮಳೆಯನ್ನೇ ನಂಬಿ ಜೋಳ ಸಜ್ಜೆಗಳನ್ನು ಬೆಳೆಯುತ್ತಿದ್ದ ಎಷ್ಟೋ ಹೊಲಗಳು ಎಡದಂಡೆ ಕಾಲುವೆಯ ನೀರಿನಿಂದ ಬತ್ತದ ಗದ್ದೆಗಳಾದುವು. ಬತ್ತವು ಹೆಚ್ಚಿದಂತೆ ಗಂಗಾವತಿ, ಕಾರಟಗಿಗಳಲ್ಲಿ ಅಕ್ಕಿಯ ಗಿರಣಿಗಳೂ ಹೆಚ್ಚಿದುವು. ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಕಡೆಯ ಒಣಭೂಮಿಯಲ್ಲಿಯೂ ಹೆದ್ದಾರಿಗಳ ಬದಿಯಲ್ಲಿ ಖಾನಾವಳಿ, ಎಣ್ಣೆಯ ಗಾಣ, ಇಟ್ಟಿಗೆಯ ಭಟ್ಟಿ, ವಾಹನ ದುರಸ್ತಿಯ ಅಂಗಡಿ, ದಾಳಿಂಬೆಯ ಗೋದಾಮು ಮುಂತಾದುವು ತಲೆಯೆತ್ತಿವೆ. ಇವುಗಳಿಂದ ರೈತನ ಮಾಲಿಗೆ ಬೆಲೆಯೂ ಊರಿನ ಯುವಕರಿಗೆ ಕೆಲಸವೂ ದೊರೆಯುವುದರಲ್ಲಿ ಸಂದೇಹವಿಲ್ಲ. ಆದರೆ ಸಾಗುವಳಿಗೆಂದು ಕಂದಾಯ ಕಟ್ಟಿರುವ ಜಮೀನಿನಲ್ಲಿ ಉದ್ಯಮವನ್ನು ಹೂಡುವುದಕ್ಕೆ ಒಂದು ಕ್ರಮವುಂಟು. ಅದನ್ನು ಅರಿಯದೆ ಮುಂದರಿದವನು ಹಾಕಿದ ಹಣವನ್ನೆಲ್ಲ ಕಳೆದುಕೊಳ್ಳುವ ಸಂಭವವಿದೆ. ಅರಿತೂ ಮೀರಿದವನಿಂದ ನೆರೆಯ ಹೊಲದವನ ನೀರು, ಬೆಳೆ, ದಾರಿಗಳು ಕೆಡುವುವು. ಈ ಎರಡು ಬಗೆಯ ಹಾನಿಯನ್ನೂ ತಪ್ಪಿಸುವುದು ಗ್ರಾಮದ ಮುಖಂಡರ ಕೈಯಲ್ಲಿ ಬಹುಮಟ್ಟಿಗೆ ಇರುವುದರಿಂದ ವಿಷಯವನ್ನು ಇಲ್ಲಿ ವಿವರಿಸಲಾಗಿದೆ.

1. ಯಾವುದಕ್ಕೆ ಅನುಮತಿ ಬೇಕು, ಯಾವುದಕ್ಕೆ ಬೇಡ?

ಈ ನಾಲ್ಕು ತಾಲ್ಲೂಕುಗಳು 1948ರವರೆಗೆ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದುವು. ಆಗ 1317 ಫಸಲಿಯ ಹೈದರಾಬಾದು ಭೂಕಂದಾಯ ಕಾನೂನು ಇಲ್ಲಿ ಜಾರಿಯಲ್ಲಿದ್ದಿತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಎಲ್ಲ ಭಾಗಗಳಿಗೂ ಅನ್ವಯಿಸುವಂತೆ 1964ರಲ್ಲಿ ಭೂಕಂದಾಯ ಅಧಿನಿಯಮವು ರಚಿತವಾಯಿತು. ಅದರ 95ನೆಯ ಪ್ರಕರಣವೇ ಈ ವಿಷಯಕ್ಕೆ ಬುನಾದಿ. ಜನರು ಸಾಮಾನ್ಯವಾಗಿ 'ಎನ್.ಎ. ಮಾಡಿಸುವುದು' ಎಂದು ಹೇಳುವುದು ಈ ಪ್ರಕರಣದ ಮೇರೆಗೆ ಪಡೆಯುವ ಅನುಮತಿಯನ್ನೇ.

ಹಿಡುವಳಿದಾರನು ತನ್ನ ಜಮೀನಿನಲ್ಲಿ ಒಕ್ಕಲುತನಕ್ಕೆ ಬೇಕಾದ ಕಟ್ಟಡಗಳನ್ನು ಕಟ್ಟಿಕೊಳ್ಳಬಹುದು; ಬಾವಿ, ಕೆರೆಗಳನ್ನು ತೋಡಿಸಬಹುದು; ಸಾಗುವಳಿಯು ಉತ್ತಮಗೊಳ್ಳುವಂತಹ ಸುಧಾರಣೆಗಳನ್ನು ಮಾಡಬಹುದು. ದನದ ಕೊಟ್ಟಿಗೆ, ಕಾಳಿನ ಉಗ್ರಾಣ, ನೇಗಿಲು ಕುಂಟೆಗಳನ್ನಿಡುವ ಮನೆ ಇಂತಹವುಗಳಿಗೆ ಈ ಪ್ರಕರಣವು ಅಡ್ಡಿ ಮಾಡುವುದಿಲ್ಲ. ತನ್ನ ಹೊಲದ ಕಾಳನ್ನು ತುಂಬಿಡುವ ಉಗ್ರಾಣವು ಒಕ್ಕಲುತನದ ಕಟ್ಟಡ. ಊರಿನವರ ಮಾಲನ್ನು ಬಾಡಿಗೆಗೆ ಇಟ್ಟುಕೊಳ್ಳುವ ಗೋದಾಮು ವ್ಯಾಪಾರದ ಕಟ್ಟಡ. ಗೋಡೆ, ಚಾವಣಿಗಳು ಒಂದೇ ವಿಧವಾಗಿದ್ದರೂ ಉಪಯೋಗವು ಬೇರೆಯಾದಲ್ಲಿ ಕ್ರಮವೂ ಬೇರೆಯಾಗುವುದು. ಈ ಭೇದವನ್ನು ತಿಳಿಯದೆ, 'ನನ್ನ ಹೊಲ, ನಾನು ಏನಾದರೂ ಕಟ್ಟುವೆನು' ಎಂದು ಹೊರಟವರೇ ಹೆಚ್ಚಾಗಿ ತೊಂದರೆಗೆ ಸಿಕ್ಕುವರು.

ಬೇರೆ ಉಪಯೋಗಕ್ಕೆ ಜಮೀನನ್ನು ತಿರುಗಿಸಬೇಕಾದಲ್ಲಿ ಜಿಲ್ಲಾಧಿಕಾರಿಗಳಿಗೆ ಅರ್ಜಿ ಸಲ್ಲಿಸುವುದು ಮೂಲ ವಿಧಿ. ಈ ವಿಧಿಗೆ ಕಾಲಕಾಲಕ್ಕೆ ತಿದ್ದುಪಡಿಗಳಾಗಿವೆ. ಈಚಿನ ವರ್ಷಗಳಲ್ಲಿ ಪ್ರಮಾಣಪತ್ರದ ಆಧಾರದಿಂದ ಕೆಲಸವು ಬೇಗನೆ ಮುಗಿಯುವಂತೆಯೂ ಕ್ರಮವನ್ನು ಸುಲಭ ಮಾಡಲಾಗಿದೆ. ಆದುದರಿಂದ ಹತ್ತು ವರ್ಷದ ಹಿಂದೆ ನೆರೆಯವನು ಮಾಡಿಸಿದ ರೀತಿಯನ್ನೇ ಅನುಸರಿಸದೆ, ಅರ್ಜಿ ಹಾಕುವ ಮೊದಲು ತಹಶೀಲ್ದಾರರ ಕಚೇರಿಯಲ್ಲಿ ಆಗ ಜಾರಿಯಲ್ಲಿರುವ ನಿಯಮವನ್ನು ವಿಚಾರಿಸತಕ್ಕದ್ದು.

2. ಪಟ್ಟಣದ ಸುತ್ತಲಿನ ಜಮೀನುಗಳು

ಪಟ್ಟಣಗಳ ಸುತ್ತಮುತ್ತ, ಯೋಜನಾ ಪ್ರಾಧಿಕಾರದ ಎಲ್ಲೆಯೊಳಗೆ ಬರುವ ಹಳ್ಳಿಗಳಿಗೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮವೂ ಅನ್ವಯಿಸುವುದು. ಅಲ್ಲಿ ಮಹಾಯೋಜನೆಯ ನಕ್ಷೆಯೊಂದು ಇರುವುದು. ಅದರಲ್ಲಿ ಇಷ್ಟು ಭೂಮಿ ವಾಸಕ್ಕೆ, ಇಷ್ಟು ವ್ಯಾಪಾರಕ್ಕೆ, ಇಷ್ಟು ಕೈಗಾರಿಕೆಗೆ, ಇಷ್ಟು ವ್ಯವಸಾಯಕ್ಕೆ ಎಂದು ವಲಯಗಳನ್ನು ಗೊತ್ತುಪಡಿಸಿರುವರು. ಪ್ರತಿಯೊಂದು ವಲಯಕ್ಕೂ ಎರಡು ಪಟ್ಟಿಗಳಿರುವುವು. ಮೊದಲನೆಯದು ಆ ವಲಯದಲ್ಲಿ ಸಹಜವಾಗಿ ನಡೆಯಬಹುದಾದ ಉಪಯೋಗಗಳ ಪಟ್ಟಿ. ಎರಡನೆಯದು ಪ್ರಾಧಿಕಾರವು ವಿಶೇಷ ಸಂದರ್ಭಗಳಲ್ಲಿ ಸ್ಥಳವನ್ನೂ ಸಂಗತಿಯನ್ನೂ ನೋಡಿ ಒಪ್ಪಬಹುದಾದ ಉಪಯೋಗಗಳ ಪಟ್ಟಿ. ಎರಡನೆಯ ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಹಕ್ಕು ಬಂದಿತೆಂದು ತಿಳಿಯಬಾರದು. ಕೇಳುವ ಅವಕಾಶವು ಬಂದಿತೆಂದಷ್ಟೇ ಅದರ ಅರ್ಥ.

ಎರಡು ಪಟ್ಟಿಗಳಲ್ಲಿಯೂ ಇಲ್ಲದ ಉಪಯೋಗಕ್ಕಾದರೆ ವಲಯವನ್ನೇ ಬದಲಾಯಿಸಬೇಕಾಗುವುದು. ಇದಕ್ಕೆ 14-ಎ ಪ್ರಕರಣವಿದೆ. ಬದಲಾವಣೆಯು ಸಾರ್ವಜನಿಕ ಹಿತಕ್ಕೆ ಅನುಗುಣವಾಗಿರತಕ್ಕದ್ದೆಂದೂ, ಅದನ್ನು ದಿನಪತ್ರಿಕೆಯಲ್ಲಿ ಪ್ರಕಟಿಸಿ ಜನರಿಂದ ಆಕ್ಷೇಪಣೆಗಳನ್ನು ಕರೆಯತಕ್ಕದ್ದೆಂದೂ ಅಲ್ಲಿ ವಿಧಿಸಲಾಗಿದೆ. ಪತ್ರಿಕೆಯ ಮೂಲೆಯಲ್ಲಿ ಚಿಕ್ಕ ಅಕ್ಷರಗಳಲ್ಲಿ ಬರುವ ಸರ್ವೆ ನಂಬರುಗಳ ಪ್ರಕಟಣೆಯನ್ನು ಹಳ್ಳಿಯಲ್ಲಿ ಯಾರೂ ಓದುವುದಿಲ್ಲ. ಅವಧಿ ಮೀರಿದ ಮೇಲೆ ಕಲ್ಲು, ಮಣ್ಣು ಬಂದು ಬೀಳುವಾಗ ಗದ್ದಲವೇಳುವುದು. ಆದಕಾರಣ ತಮ್ಮ ಗ್ರಾಮದ ಸರ್ವೆ ನಂಬರು ಪ್ರಕಟಣೆಯಲ್ಲಿ ಕಂಡಕೂಡಲೇ ಅಕ್ಕಪಕ್ಕದ ಹಿಡುವಳಿದಾರರಿಗೆ ತಿಳಿಯಪಡಿಸುವುದನ್ನು ಗ್ರಾಮದ ಮುಖಂಡರು ತಮ್ಮ ಕರ್ತವ್ಯವೆಂದು ಭಾವಿಸತಕ್ಕದ್ದು.

3. ಪಂಚಾಯತಿಯ ಪರವಾನಗಿ

1993ರ ಪಂಚಾಯತ್ ರಾಜ್ ಅಧಿನಿಯಮದ ಮೇರೆಗೆ ಗ್ರಾಮದ ಎಲ್ಲೆಯೊಳಗೆ ಕಟ್ಟಡ ಕಟ್ಟುವುದಕ್ಕೂ, ಯಂತ್ರಶಕ್ತಿಯಿಂದ ನಡೆಯುವ ಕಾರ್ಖಾನೆಯನ್ನು ಸ್ಥಾಪಿಸುವುದಕ್ಕೂ ಗ್ರಾಮ ಪಂಚಾಯತಿಯ ಅನುಮತಿ ಬೇಕು. ಹೊಗೆ, ಕೊಳೆ, ದೂಳುಗಳುಂಟಾಗುವ ಉದ್ಯಮವಾದರೆ 1974ರ ಜಲ ಅಧಿನಿಯಮ, 1981ರ ವಾಯು ಅಧಿನಿಯಮಗಳ ಮೇರೆಗೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಲಿಯ ಸಮ್ಮತಿಯೂ ಬೇಕಾಗಬಹುದು. ಇವುಗಳಲ್ಲಿ ಒಂದು ಇನ್ನೊಂದಕ್ಕೆ ಬದಲಾಗುವುದಿಲ್ಲವೆಂಬುದನ್ನು ಮುಖ್ಯವಾಗಿ ನೆನಪಿನಲ್ಲಿಡಬೇಕು. ಪಂಚಾಯತಿಯ ರಸೀದಿಯೂ ವಿದ್ಯುತ್ತಿನ ಮೀಟರೂ ಇದ್ದ ಮಾತ್ರಕ್ಕೆ ಜಮೀನಿನ ಉಪಯೋಗವು ಸಕ್ರಮವಾಯಿತೆಂದು ನಂಬುವುದು ದೊಡ್ಡ ತಪ್ಪು.

4. ವಿರುಪಾಪುರ ಗಡ್ಡೆಯ ಪಾಠ

ಈ ಮಾತಿಗೆ ಗಂಗಾವತಿ ತಾಲ್ಲೂಕಿನಲ್ಲಿಯೇ ದೃಷ್ಟಾಂತವಿದೆ. ಹಂಪೆಯ ಎದುರಿಗೆ ತುಂಗಭದ್ರೆಯ ನಡುವೆ ವಿರುಪಾಪುರ ಗಡ್ಡೆಯೆಂಬ ನಡುಗಡ್ಡೆಯುಂಟು. ಬತ್ತದ ಗದ್ದೆಗಳಿಂದ ಕೂಡಿದ ಈ ಸ್ಥಳಕ್ಕೆ ಯಾತ್ರಿಕರು ಹೊಳೆ ದಾಟಿ ಬರಲಾರಂಭಿಸಿದ ಮೇಲೆ ಜಮೀನುಗಳಲ್ಲಿ ಗುಡಿಸಲುಗಳೂ, ತಂಗುವ ಮನೆಗಳೂ, ಉಪಾಹಾರ ಗೃಹಗಳೂ ಒಂದೊಂದಾಗಿ ಎದ್ದುವು. ಆದರೆ ಹಂಪೆಯು 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದಿತು. 1988ರಲ್ಲಿ ರಾಜ್ಯ ಸರ್ಕಾರವು ಪ್ರಾಚೀನ ಸ್ಮಾರಕಗಳ 1961ರ ಅಧಿನಿಯಮದ ಮೇರೆಗೆ ಗಡ್ಡೆಯನ್ನೊಳಗೊಂಡ ಪ್ರದೇಶವನ್ನು ಸಂರಕ್ಷಿತವೆಂದು ಸಾರಿತ್ತು. ಅಂತಹ ಪ್ರದೇಶದಲ್ಲಿ ಜಮೀನಿನ ಒಡೆಯನೂ ಕೂಡ ಸರ್ಕಾರದ ಅನುಮತಿಯಿಲ್ಲದೆ ಕಟ್ಟಡ ಕಟ್ಟುವಂತಿಲ್ಲ. ಒಂದು ಅಡಿಗಿಂತ ಹೆಚ್ಚು ಆಳ ಅಗೆಯದ ಸಾಗುವಳಿಗೆ ಮಾತ್ರ ಅಡ್ಡಿಯಿಲ್ಲ. ಎಂದರೆ ಉಳುವವನ ಹಕ್ಕನ್ನು ಕಾನೂನು ಕಾದಿಟ್ಟಿತು. ಕಟ್ಟುವವನ ಹಕ್ಕನ್ನು ಅನುಮತಿಗೆ ಅಧೀನಗೊಳಿಸಿತು.

ಮುಂದೆ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರವು 2002ರ ಅಧಿನಿಯಮದ ಮೇರೆಗೆ ಏರ್ಪಟ್ಟಿತು. ಕಟ್ಟಡಗಳ ಮೇಲೆ ಪ್ರಾಧಿಕಾರವು ಕೈಗೊಂಡ ಕ್ರಮವು ನ್ಯಾಯಾಲಯಕ್ಕೆ ಹೋಯಿತು. ಉಚ್ಚ ನ್ಯಾಯಾಲಯವು 2015ರಲ್ಲಿ ಕಟ್ಟಡದವರಿಗೆ ವಿರುದ್ಧವಾಗಿ ತೀರ್ಪಿತ್ತಿತು. 2020ರ ಫೆಬ್ರವರಿ 11ರಂದು ಸರ್ವೋಚ್ಚ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಅದೇ ಮಾರ್ಚಿಯಲ್ಲಿ ಕಟ್ಟಡಗಳನ್ನು ಕೆಡವಲಾಯಿತು. ಅನೇಕ ವರ್ಷಗಳ ದುಡಿಮೆಯೂ ಸಾಲ ತಂದ ಹಣವೂ ಕೆಲವು ದಿನಗಳಲ್ಲಿ ಮಣ್ಣುಪಾಲಾದುವು. ಕಟ್ಟುವ ಮೊದಲು ಒಂದು ದಿನ ಕಚೇರಿಗೆ ಹೋಗಿ ಆ ಸರ್ವೆ ನಂಬರು ಯಾವ ಕಾನೂನಿನ ಎಲ್ಲೆಯಲ್ಲಿದೆಯೆಂದು ವಿಚಾರಿಸುವುದರ ಬೆಲೆ ಎಷ್ಟೆಂಬುದು ಇದರಿಂದ ತಿಳಿಯುವುದು. ಆನೆಗೊಂದಿ, ಸಾಣಾಪುರ, ಹನುಮನಹಳ್ಳಿಗಳ ಕಡೆಯ ಹಿಡುವಳಿದಾರರು ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು.

5. ನೆರೆಯ ಬೆಳೆಗೆ ಆಗುವ ಪರಿಣಾಮ

ಉದಾಹರಣೆಗಾಗಿ, ಉಪಕಾಲುವೆಯ ಬದಿಯ ಎರಡು ಎಕರೆ ಗದ್ದೆಯಲ್ಲಿ ಒಬ್ಬನು ಅಕ್ಕಿಯ ಗಿರಣಿಯನ್ನು ಹೂಡಬಯಸಿ, ದಿನಕ್ಕೆ 80 ಕ್ವಿಂಟಲ್ ಬತ್ತವನ್ನು ಅರೆಯುವನೆಂದು ಇಟ್ಟುಕೊಳ್ಳೋಣ. ಬತ್ತದ ತೂಕದಲ್ಲಿ ಸುಮಾರು ಐದರಲ್ಲೊಂದು ಪಾಲು ಹೊಟ್ಟು. ಆದುದರಿಂದ ದಿನಕ್ಕೆ 16 ಕ್ವಿಂಟಲ್ ಹೊಟ್ಟು ಹೊರಬೀಳುವುದು. ಅದನ್ನು ಉರಿಸಿದರೆ ಮತ್ತೆ ಐದರಲ್ಲೊಂದು ಪಾಲು, ಎಂದರೆ ಮೂರು ಕ್ವಿಂಟಲಿಗೂ ಮೇಲ್ಪಟ್ಟು ಬೂದಿ ಉಳಿಯುವುದು. ವರ್ಷದಲ್ಲಿ 200 ದಿನ ಗಿರಣಿ ನಡೆದರೆ ಬೂದಿಯ ರಾಶಿ ಆರುನೂರು ಕ್ವಿಂಟಲನ್ನು ಮೀರುವುದು. ಈ ಬೂದಿಯ ಬಹುಭಾಗವು ಸಿಲಿಕ. ಹಗುರವಾದುದರಿಂದ ಗಾಳಿಗೆ ಹಾರಿ, ಹೂ ಬಿಟ್ಟ ಬೆಳೆಯ ಮೇಲೂ ದನದ ಮೇವಿನ ಮೇಲೂ ಕೂಡುವುದು. ಬತ್ತವನ್ನು ನೆನೆಸಿ ಬೇಯಿಸುವ ಗಿರಣಿಯಾದರೆ ಕ್ವಿಂಟಲಿಗೆ ನೂರು ಲೀಟರಿಗೂ ಹೆಚ್ಚು ನೀರು ಬೇಕಾಗುವುದು. ನೆನೆಸಿ ಬಿಟ್ಟ ನೀರು ಹುಳಿತು ನಾರುವುದು. ಅದನ್ನು ಹೊಲಗಾಲುವೆಗೆ ಹರಿಸಿದರೆ ಕೊನೆಯ ಭಾಗದ ರೈತನಿಗೆ ಮುಟ್ಟುವುದು ಅದೇ ನೀರು.

ಇದಕ್ಕಿಂತ ಕಣ್ಣಿಗೆ ಬೀಳದ ಹಾನಿಯು ಬಸಿಗಾಲುವೆಗಳದು. ಗದ್ದೆಯನ್ನು ಗರಸಿನಿಂದ ತುಂಬಿ ಎತ್ತರಿಸುವಾಗ ಅದರ ಅಂಚಿನ ಬಸಿಗಾಲುವೆಯೂ ಮುಚ್ಚಿಹೋಗುವುದು. ಆಗ ಮೇಲಿನ ಗದ್ದೆಗಳಲ್ಲಿ ನೀರು ನಿಂತು ಕ್ರಮೇಣ ಸವಳು ಏಳುವುದು. ಎಡದಂಡೆಯ ಪ್ರದೇಶದಲ್ಲಿ ಸವಳು ಜವಳುಗಳಿಂದ ಕೆಟ್ಟ ಭೂಮಿ ಈಗಾಗಲೇ ಸಾಕಷ್ಟಿದೆ. ಒಬ್ಬನ ಎರಡು ಎಕರೆಯ ಉದ್ಯಮದಿಂದ ಹತ್ತು ಜನರ ಗದ್ದೆ ಕೆಡಬಾರದು.

6. ಆಕ್ಷೇಪಣೆ ಹೇಗಿರಬೇಕು?

ಜಮೀನಿನ ಉಪಯೋಗವನ್ನು ಬದಲಾಯಿಸುವ ಅನುಮತಿಯನ್ನು ನಿರಾಕರಿಸುವುದಕ್ಕೆ 95ನೆಯ ಪ್ರಕರಣದಲ್ಲಿ ಹೇಳಿರುವ ಕಾರಣಗಳು ಮುಖ್ಯವಾಗಿ ಮೂರು: ಸಾರ್ವಜನಿಕರಿಗೆ ಉಪದ್ರವವಾಗುವ ಸಂಭವ, ಸಾರ್ವಜನಿಕ ಹಿತಕ್ಕೆ ವಿರೋಧ, ವಿಧಿಸಿದ ಷರತ್ತುಗಳನ್ನು ಪಾಲಿಸಲು ಅರ್ಜಿದಾರನಿಗೆ ಶಕ್ತಿಯಾಗಲಿ ಮನಸ್ಸಾಗಲಿ ಇಲ್ಲದಿರುವುದು. ಆಕ್ಷೇಪಣೆಯು ಇವುಗಳಿಗೆ ಹೊಂದಿಕೊಂಡಿದ್ದರೆ ಅದಕ್ಕೆ ತೂಕವುಂಟು. ಅರ್ಜಿದಾರನು ಬೇರೆ ಓಣಿಯವನು, ಹಿಂದಿನ ಚುನಾವಣೆಯಲ್ಲಿ ಎದುರು ನಿಂತವನು, ತನ್ನ ಅಂಗಡಿಯ ವ್ಯಾಪಾರಕ್ಕೆ ಪೈಪೋಟಿ ತರುವವನು ಎಂಬ ಕಾರಣಗಳಿಗೆ ಯಾವ ತೂಕವೂ ಇಲ್ಲ. ಇಂತಹ ತಕರಾರುಗಳಿಂದ ನಿಜವಾದ ಆಕ್ಷೇಪಣೆಯ ಬೆಲೆಯೂ ಕುಗ್ಗುವುದು.

'ಗಿರಣಿ ಬೇಡ' ಎಂದು ನೂರು ಜನ ರುಜು ಮಾಡಿದ ಕಾಗದಕ್ಕಿಂತ, 'ಈ ಸರ್ವೆ ನಂಬರಿನ ಪೂರ್ವದ ಅಂಚಿನಲ್ಲಿ ಬಸಿಗಾಲುವೆ ಇದೆ. ಅದು ಇಷ್ಟು ಎಕರೆಯ ನೀರನ್ನು ಹೊರಗೊಯ್ಯುವುದು. ಮುಚ್ಚಿದರೆ ಈ ಈ ಗದ್ದೆಗಳು ಕೆಡುವುವು' ಎಂದು ನಕ್ಷೆಯೊಡನೆ ಬರೆದ ಒಂದು ಕಾಗದವೇ ಮೇಲು. ಬಂಡಿಯ ದಾರಿ, ಹೊಲಗಾಲುವೆ, ಕುಡಿಯುವ ನೀರಿನ ಬಾವಿ, ಶಾಲೆ ಇವುಗಳ ದೂರವನ್ನು ಅಳೆದು ಬರೆಯಬೇಕು. ಲಿಖಿತವಾಗಿ ಅವಧಿಯೊಳಗೆ ಕೊಟ್ಟು ಸ್ವೀಕೃತಿಯನ್ನು ಪಡೆಯಬೇಕು. ಅಧಿಕಾರಿಗಳು ಸ್ಥಳ ಪರಿಶೀಲನೆಗೆ ಬಂದ ದಿನ ಎರಡು ಪಕ್ಷದವರೂ ಹಾಜರಿದ್ದು ಎಲ್ಲೆಕಲ್ಲುಗಳನ್ನು ತೋರಿಸುವುದೊಳ್ಳೆಯದು.

ಆಕ್ಷೇಪಣೆಯ ಗುರಿಯು ಯಾವಾಗಲೂ ನಿರಾಕರಣೆಯೇ ಆಗಬೇಕಾದ್ದಿಲ್ಲ. ಆರೋಗ್ಯ, ಸುರಕ್ಷಿತತೆ, ಅನುಕೂಲತೆಗಳಿಗಾಗಿ ಷರತ್ತುಗಳನ್ನು ಹಾಕುವ ಅಧಿಕಾರವೂ ಕಾನೂನಿನಲ್ಲಿದೆ. ಬೂದಿಗೆ ಮುಚ್ಚಿದ ಕೋಣೆ, ಕೊಳೆನೀರಿಗೆ ಪ್ರತ್ಯೇಕ ಹೊಂಡ, ಬಸಿಗಾಲುವೆಗೆ ಕೊಳವೆಯ ಮೋರಿ, ರಾತ್ರಿಯಲ್ಲಿ ಯಂತ್ರ ನಿಲ್ಲಿಸುವಿಕೆ ಇಂತಹ ಷರತ್ತುಗಳನ್ನು ನೆರೆಯವರೇ ಸೂಚಿಸಿದರೆ, ಗಿರಣಿಯೂ ಉಳಿಯುವುದು, ಗದ್ದೆಯೂ ಉಳಿಯುವುದು. ಜಿಲ್ಲಾಧಿಕಾರಿಗಳ ಆದೇಶದಿಂದ ಬಾಧಿತನಾದವನು ನಿಯಮಿತ ಅವಧಿಯೊಳಗೆ ಮೇಲ್ಮನವಿಯನ್ನೂ ಸಲ್ಲಿಸಿಕೊಳ್ಳಬಹುದು.

7. ಉದ್ಯಮ ಹೂಡುವವರಿಗೆ ಸೂಚನೆಗಳು

(ಅ) ಮೊದಲು ಪಹಣಿ, ಸರ್ವೆ ನಕ್ಷೆಗಳನ್ನು ತೆಗೆಸಿ, ಜಮೀನು ತನ್ನ ಹೆಸರಿನಲ್ಲಿ ನಿರ್ವಿವಾದವಾಗಿದೆಯೇ ಎಂದು ನೋಡಿಕೊಳ್ಳಬೇಕು. ಪರಿಶಿಷ್ಟ ಜಾತಿ, ಪಂಗಡಗಳವರಿಗೆ ಸರ್ಕಾರವು ಮಂಜೂರು ಮಾಡಿದ ಜಮೀನನ್ನು 1978ರ ಅಧಿನಿಯಮದ ಮೇರೆಗೆ ಸರ್ಕಾರದ ಅನುಮತಿಯಿಲ್ಲದೆ ಕೊಳ್ಳುವಂತಿಲ್ಲ.

(ಆ) ಜಮೀನು ಯೋಜನಾ ಪ್ರಾಧಿಕಾರದ ಅಥವಾ ಹಂಪಿ ಪ್ರಾಧಿಕಾರದ ಎಲ್ಲೆಯಲ್ಲಿದೆಯೇ, ಯಾವ ವಲಯದಲ್ಲಿದೆ ಎಂಬುದನ್ನು ಬರಹದಲ್ಲಿ ಪಡೆಯಬೇಕು.

(ಇ) ನೀರಾವರಿಯ ಗದ್ದೆಯನ್ನು ಬಿಟ್ಟು, ತನ್ನಲ್ಲಿಯೇ ಇರುವ ಕಲ್ಲುಭೂಮಿ ಅಥವಾ ಒಣಭೂಮಿಯನ್ನು ಆರಿಸಿಕೊಳ್ಳುವುದು ಮೇಲು. ಕಾಲುವೆಯ ನೀರುಂಡ ಗದ್ದೆಯ ಮೇಲ್ಮಣ್ಣು ಒಮ್ಮೆ ಗರಸಿನಡಿಯಲ್ಲಿ ಹೂತರೆ ಮರಳಿ ಗದ್ದೆಯಾಗುವುದು ಕಷ್ಟ.

(ಈ) ಅರ್ಜಿ ಹಾಕುವ ಮೊದಲೇ ನೆರೆಯ ಹಿಡುವಳಿದಾರರನ್ನು ಕರೆದು ನಕ್ಷೆಯನ್ನು ತೋರಿಸಬೇಕು. ಕಟ್ಟೆಯ ಮೇಲೆ ತೀರಿದ ಮಾತು ಕಚೇರಿಯಲ್ಲಿ ಬೆಳೆಯುವುದಿಲ್ಲ.

(ಉ) ಎಲ್ಲ ಅನುಮತಿಗಳೂ ಕೈಗೆ ಬರುವವರೆಗೆ ಯಂತ್ರಕ್ಕೆ ಮುಂಗಡ ಕೊಡುವುದಾಗಲಿ, ಸಾಲ ತರುವುದಾಗಲಿ ಮಾಡಬಾರದು.

ಹಳ್ಳಿಗಳಲ್ಲಿ ಚಿಕ್ಕ ಉದ್ಯಮಗಳು ಬೆಳೆಯಬೇಕೆಂಬುದು ಎಲ್ಲರ ಇಷ್ಟ. ಬೆಳೆದ ಬತ್ತವು ಅಲ್ಲಿಯೇ ಅಕ್ಕಿಯಾದರೆ, ಶೇಂಗಾ ಅಲ್ಲಿಯೇ ಎಣ್ಣೆಯಾದರೆ, ತೌಡೂ ಹಿಂಡಿಯೂ ಊರಿನ ದನಗಳಿಗೆ ಒದಗುವುವು. ಆದರೆ ಗಿರಣಿಗೆ ಬತ್ತವನ್ನು ಕೊಡುವುದು ಗದ್ದೆಯೇ. ಗದ್ದೆಯನ್ನು ಕೆಡಿಸಿ ಕಟ್ಟಿದ ಗಿರಣಿಯು ಬಹುಕಾಲ ನಡೆಯಲಾರದು. ಗ್ರಾಮದ ಮುಖಂಡರೂ ಜಮೀನುದಾರರೂ ಪ್ರತಿ ಅರ್ಜಿಯನ್ನೂ ಸ್ನೇಹವೈರಗಳನ್ನು ಬದಿಗಿಟ್ಟು ನೀರು, ಮಣ್ಣು, ದಾರಿ ಎಂಬ ಮೂರು ಲೆಕ್ಕಗಳಿಂದ ತೂಗಿ ನೋಡಿದರೆ, ಅರ್ಜಿದಾರನಿಗೂ ನೆರೆಯವನಿಗೂ ನ್ಯಾಯವು ದೊರೆಯುವುದು.