ಯಾನ್‌ಬಾರು ಕಾಡಿನ ಹಾರಲಾರದ ಹಕ್ಕಿ

ಜಪಾನಿನ ದಕ್ಷಿಣದಲ್ಲಿರುವ ಓಕಿನಾವಾ ದ್ವೀಪದ ಉತ್ತರ ಭಾಗಕ್ಕೆ ಯಾನ್‌ಬಾರು ಎಂದು ಹೆಸರು. ಅಲ್ಲಿಯ ನಿತ್ಯಹರಿದ್ವರ್ಣದ ಕಾಡಿನಲ್ಲಲ್ಲದೆ ಜಗತ್ತಿನ ಬೇರೆಲ್ಲಿಯೂ ಕಾಣಸಿಗದ ‘ಯಾನ್‌ಬಾರು ಕುಯಿನಾ’ ನಮ್ಮ ಕೆರೆಯಂಚಿನ ಹುಂಡುಕೋಳಿಯ ಬಳಗಕ್ಕೆ ಸೇರಿದ ಪಕ್ಷಿ. ಕೊಕ್ಕೂ ಕಾಲೂ ಕೆಂಪು. ಎದೆಯ ಮೇಲೆ ಕಪ್ಪು-ಬಿಳಿಯ ಪಟ್ಟೆಗಳು. ಉದ್ದ ಸುಮಾರು ಒಂದಡಿ. ಊರವರಿಗೆ ಮೊದಲೇ ಪರಿಚಿತವಾಗಿದ್ದ ಇದನ್ನು ಪಕ್ಷಿಶಾಸ್ತ್ರವು ಹೊಸ ಪ್ರಭೇದವೆಂದು ದಾಖಲಿಸಿದುದು 1981ರಲ್ಲಿ.

ಬೇಟೆಯಾಡುವ ಸಸ್ತನಿಗಳಿಲ್ಲದ ದ್ವೀಪದಲ್ಲಿ ಹಾರಾಟವು ಅನಾವಶ್ಯಕವಾದ ವೆಚ್ಚ. ಆದುದರಿಂದ ತಲೆಮಾರುಗಳು ಕಳೆದಂತೆ ಇದರ ರೆಕ್ಕೆಗಳು ಕುಗ್ಗಿ ಕಾಲುಗಳು ಬಲಿತವು. ಹಗಲೆಲ್ಲ ನೆಲದ ಮೇಲೆ ಆಹಾರವನ್ನರಸುವ ಹಕ್ಕಿ ಇರುಳಾದೊಡನೆ ಮರವೇರಿ ಮಲಗುತ್ತದೆ. ಹಬು ಎಂಬ ವಿಷಸರ್ಪದ ಭಯವೇ ಇದಕ್ಕೆ ಕಾರಣವೆಂದು ಭಾವಿಸಲಾಗಿದೆ.

ಆ ಹಬುವನ್ನೂ ಇಲಿಗಳನ್ನೂ ನಿಗ್ರಹಿಸಲೆಂದು 1910ರಲ್ಲಿ ಗಂಗಾನದಿಯ ಮುಖಜಭೂಮಿಯಿಂದ ಮುಂಗುಸಿಗಳನ್ನು ತಂದು ದ್ವೀಪದ ದಕ್ಷಿಣದಲ್ಲಿ ಬಿಡಲಾಯಿತು. ಹಾವು-ಮುಂಗುಸಿಗಳ ವೈರವನ್ನು ಯಾರು ತಾನೆ ಅರಿಯರು? ಆದರೆ ಹಬು ನಿಶಾಚರಿ, ಮುಂಗುಸಿ ಹಗಲುಸಂಚಾರಿ. ಅವುಗಳ ಭೇಟಿಯೇ ಅಪರೂಪ. ಹಗಲಲ್ಲಿ ಸುಲಭವಾಗಿ ದೊರೆತುದು ಹಾರಲಾರದ ಹಕ್ಕಿ. ಮುಂಗುಸಿಯು ಉತ್ತರಕ್ಕೆ ಹಬ್ಬಿದಂತೆಲ್ಲ ಕುಯಿನಾದ ನೆಲೆ ಹಿಂಜರಿಯಿತು. ಮರಕಡಿತ, ರಸ್ತೆ, ಬೀಡಾಡಿ ಬೆಕ್ಕುಗಳು ಹಾನಿಯನ್ನು ಹೆಚ್ಚಿಸಿದವು.

ಬೇಲಿಗಳಿಂದಲೂ ಬೋನುಗಳಿಂದಲೂ ಮುಂಗುಸಿಯನ್ನು ತಡೆದ ಮೇಲೆ ಹಕ್ಕಿಗಳ ಸಂಖ್ಯೆ ಚೇತರಿಸಿಕೊಂಡಿದೆ. ಯಾನ್‌ಬಾರು 2016ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು; 2021ರಲ್ಲಿ ವಿಶ್ವಪರಂಪರೆಯ ಪಟ್ಟಿಗೂ ಸೇರಿತು. ಆದರೂ ಇದರ ಇಡೀ ಸಂತತಿಗೆ ಆಶ್ರಯವಾಗಿರುವುದು ಅದೊಂದೇ ಕಾಡು. ಅದು ಅಳಿದರೆ ಬೇರೆಡೆಗೆ ಹಾರಿಹೋಗಿ ನೆಲಸುವ ಶಕ್ತಿ ಈ ಹಕ್ಕಿಗಿಲ್ಲ.